ತುಮಕೂರಿನಿಂದ ಗೋಕರ್ಣಕ್ಕೆ, ಎರಡು ಸೋಲಾರ್ ಪ್ಯಾನೆಲ್ ಕಟ್ಟಿಕೊಂಡು

ಗಾಡಿಯಲ್ಲೇ ಮಲಗಿ ಊರೂರು ಸುತ್ತುವ ಗೀಳು ಹತ್ತಿದವರು ಮೊದಲು ಕೇಳುವುದು "ಎಷ್ಟು ವ್ಯಾಟಿನ ಪ್ಯಾನೆಲ್ ತಗೊಳ್ಳಲಿ?" ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆಯೇ ಇದೆ. ಬಿಸಿಲಿಗೆ ಹರವಿದಾಗ ಅದನ್ನು ಯಾವುದಕ್ಕೆ ಕಟ್ಟುತ್ತೀರಿ, ಮಡಚಿದ ಮೇಲೆ ಎಲ್ಲಿ ಇಡುತ್ತೀರಿ? ವ್ಯಾಟಿನ ಲೆಕ್ಕ ಡಬ್ಬದ ಮೇಲೇ ಬರೆದಿರುತ್ತೆ, ಇದನ್ನು ಯಾರೂ ಬರೆದಿರುವುದಿಲ್ಲ.

ಸಂಕ್ರಾಂತಿ ಕಳೆದ ವಾರ ನಾನೂ ಭಾವನೂ ಹೊರಟೆವು. ಭಾವ ತುಮಕೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟವರು. ವೈರು, ಹಗ್ಗ, ನಟ್ಟು, ಬೋಲ್ಟು ಕೈಗೆ ಸಿಕ್ಕರೆ ಊಟ ಮರೆಯುವ ಮನುಷ್ಯ. ಗಾಡಿ ನಮ್ಮ ಹಳೆಯ ಮಾರುತಿ ಈಕೋ ವ್ಯಾನು. ಹಿಂದಿನ ಸೀಟು ಮಡಚಿ ಅದರ ಮೇಲೆ ಪ್ಲೈವುಡ್ಡಿನ ಮಂಚ ಮಾಡಿಸಿದ್ದೇವೆ. ಮಂಚದ ಕೆಳಗೆ ಪವರ್ ಸ್ಟೇಷನ್, ಪ್ಯಾನೆಲ್ಲಿನ ಕರೆಂಟ್ ತುಂಬಿಟ್ಟುಕೊಳ್ಳುವ ಬ್ಯಾಟರಿ ಪೆಟ್ಟಿಗೆ. 500 ವ್ಯಾಟ್-ಅವರ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅರ್ಧ ಯೂನಿಟ್. ಪಕ್ಕದಲ್ಲಿ 12 ವೋಲ್ಟಿನ ಪುಟ್ಟ ಫ್ರಿಜ್. ಫ್ರಿಜ್ ಶೋಕಿಗಲ್ಲ. ಭಾವನಿಗೆ ಸಕ್ಕರೆ ಕಾಯಿಲೆ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹಾಗಾಗಿ ಪ್ಯಾನೆಲ್ ಕೈಕೊಟ್ಟರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಪ್ಯಾನೆಲ್ ಎರಡು, ತಲಾ 100 ವ್ಯಾಟ್. ಒಂದು ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನದು, ಸುಮಾರು 7 ಕೆ.ಜಿ. ಇನ್ನೊಂದು ಸೂಟ್‌ಕೇಸಿನಂತೆ ಮಡಚುವ ಬಟ್ಟೆ ಬೆನ್ನಿನದು, ನಾಲ್ಕೂವರೆ ಕೆ.ಜಿ. ಮಂಚದ ಹಲಗೆಯ ಅಡಿಗೆ ಮೂರು ಇಂಚಿನ ಗೂಡು ಮಾಡಿಸಿ ಒಳಗೆ ಹಳೇ ಕಂಬಳಿ ಹೊಡೆಸಿದ್ದೇವೆ. ಗಾಜಿನದು ಅಲ್ಲಿಗೆ ಜಾರಿ ಕೂರುತ್ತದೆ. ಭಾರ ಚೌಕಟ್ಟಿನ ಮೇಲೆ ಬೀಳಬೇಕೇ ಹೊರತು ಗಾಜಿನ ಮೇಲೆ ಏನೂ ಒತ್ತಬಾರದು. ಮಡಚುವುದು ಮಂಚಕ್ಕೂ ಗಾಡಿಯ ಗೋಡೆಗೂ ನಡುವೆ ನೆಟ್ಟಗೆ ನಿಲ್ಲುತ್ತದೆ. ಅದರ ಮೇಲೆ ಚೀಲ ಹೇರುವುದು, ಒರಗಿ ಕೂರುವುದು ನಿಷಿದ್ಧ. ಪ್ಯಾನೆಲ್ಲಿನ ಒಳಗಿರುವ ಸಿಲಿಕಾನ್ ಬಿಲ್ಲೆಯ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಇರುವುದಿಲ್ಲ. ಮೇಲಿನ ಹಾಳೆ ನೆಟ್ಟಗೇ ಕಾಣುತ್ತಿರುತ್ತದೆ, ಒಳಗೆ ಹಪ್ಪಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಗೊತ್ತಾಗುವುದು ಕರೆಂಟ್ ಕಡಿಮೆಯಾದಾಗಲೇ.

ಶನಿವಾರ: ಪಾವಗಡದ ದಾರಿ

ಕೊರಟಗೆರೆಯಲ್ಲಿ ತಟ್ಟೆ ಇಡ್ಲಿ, ಮಧುಗಿರಿಯಲ್ಲಿ ಏಕಶಿಲಾ ಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು ಮುಂದೆ. ಪಾವಗಡ ದಾಟಿ ತಿರುಮಣಿ ಕಡೆ ಹೋದರೆ ಸೋಲಾರ್ ಪಾರ್ಕು. 13,000 ಎಕರೆ, 2050 ಮೆಗಾವ್ಯಾಟ್, ಪೂರ್ತಿ ಶುರುವಾಗಿದ್ದು 2019ರ ಕೊನೆಗೆ. ಜಮೀನು ರೈತರಿಂದ ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ಇಷ್ಟು ಅಂತ ವರ್ಷವರ್ಷ ಬಾಡಿಗೆ ಹೋಗುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ಸೀಮೆ ಇದು. ಬಿಸಿಲಿಗೇ ಬಾಡಿಗೆ ಬರುತ್ತದೆ ಅಂದಾಗ ಊರವರು ಏನಂದುಕೊಂಡಿರಬೇಕು!

ನಾನು ದಿಗಂತದವರೆಗೆ ಹಾಸಿದ ನೀಲಿ ನೋಡುತ್ತಿದ್ದರೆ ಭಾವ ಬೇಲಿಗೆ ಮುಖವಿಟ್ಟು ಕಂಬಗಳನ್ನು ನೋಡುತ್ತಿದ್ದರು.

"ನೋಡೋ, ಪ್ಯಾನೆಲ್‌ಗಿಂತ ಕಬ್ಬಿಣಕ್ಕೇ ಜಾಸ್ತಿ ಯೋಚನೆ ಮಾಡಿದಾರೆ ಇಲ್ಲಿ. ಒಂದೊಂದು ಸಾಲಿಗೂ ನೆಲದೊಳಗೆ ಇಳಿಸಿದ ಕಾಲು. ನಮ್ಮದಕ್ಕೆ ಬಟ್ಟೆಯ ಕಾಲು!"

ಮಾತು ಸುಳ್ಳಲ್ಲ. ಮಡಚುವ ಪ್ಯಾನೆಲ್ಲಿನ ಹಿಂದಿರುವ ಆಸರೆ ಪಟ್ಟಿ ಅದನ್ನು ಓರೆಯಾಗಿ ನಿಲ್ಲಿಸುತ್ತದೆ ಅಷ್ಟೆ, ಹಿಡಿದಿಡುವುದಿಲ್ಲ. ಮಧ್ಯಾಹ್ನ ರಸ್ತೆ ಬದಿಯ ಹುಣಸೆಮರದ ಹತ್ತಿರ ಬುತ್ತಿ ಬಿಚ್ಚುವಾಗ ಭಾವ ಪ್ಯಾನೆಲ್ಲನ್ನು ಬಾನೆಟ್ಟಿನ ಮೇಲೆ ಹರವಿ, ಎರಡು ಮೂಲೆಯ ತೂತಿಗೆ ನೈಲಾನ್ ಹಗ್ಗ ಪೋಣಿಸಿ ಕೆಳಗಿನ ಬಂಪರಿಗೆ ಬಿಗಿದರು. ಐದು ನಿಮಿಷಕ್ಕೆ ಒಂದು ಬಸ್ಸು ಪಕ್ಕದಲ್ಲೇ ಬರ್ರೆಂದು ಹೋಯಿತು. ಪ್ಯಾನೆಲ್ಲಿನ ಕಟ್ಟದ ಅಂಚು ಗೇಣುದ್ದ ಮೇಲೆದ್ದು ಪಟ್ಟೆಂದು ಬಿತ್ತು. ಹಗ್ಗ ಇಲ್ಲದಿದ್ದರೆ ಬಸ್ಸಿನ ಹಿಂದೆಯೇ ಹೋಗುತ್ತಿತ್ತು. ಚಿತ್ರಾನ್ನ ಬಿಟ್ಟು ಎದ್ದು ಉಳಿದೆರಡು ಮೂಲೆಯನ್ನೂ ಕಟ್ಟಿದ್ದಾಯಿತು.

ರಾತ್ರಿ ಚಳ್ಳಕೆರೆ ಬದಿಯ ಪರಿಚಿತರ ಹೊಲ. ಸೂರ್ಯ ಮುಳುಗಿದ ಮೇಲೆ ಪ್ಯಾನೆಲ್ ಹೊರಗಿರಬಾರದು ಅನ್ನುವುದು ನಮ್ಮ ಕಟ್ಟಳೆ. ಕತ್ತಲಲ್ಲಿ ಅದರಿಂದ ದಮ್ಮಡಿ ಲಾಭವಿಲ್ಲ. ಇಬ್ಬನಿ, ನಾಯಿ, ಎಡವುವ ಕಾಲು, ಇವುಗಳ ಕಾಟ ಮಾತ್ರ.

ಭಾನುವಾರ: ಬಳ್ಳಾರಿ, ತೋರಣಗಲ್ಲು, ಆನೆಗುಂದಿ

ತೋರಣಗಲ್ಲು ದಾಟುವಷ್ಟರಲ್ಲಿ ಅದಿರು ಲಾರಿಗಳ ಕೆಂಧೂಳು ವೈಪರಿಗೂ ಬಗ್ಗದಂತೆ ಮೆತ್ತಿಕೊಂಡಿತ್ತು. ಕೆಲವರು ಗಾಜಿನ ಪ್ಯಾನೆಲ್ಲನ್ನು ಗಾಡಿಯ ನೆತ್ತಿಗೇ ಬೋಲ್ಟು ಹಾಕಿ ಬಿಡುತ್ತಾರೆ. ಒಳ್ಳೆಯದೇ, ಇಳಿಸಿ ಏರಿಸುವ ತಾಪತ್ರಯವಿಲ್ಲ, ಓಡುತ್ತಲೇ ಚಾರ್ಜೂ ಆಗುತ್ತದೆ. ಆದರೆ ಗಾಡಿ ಬಿಸಿಲಲ್ಲೇ ನಿಲ್ಲಬೇಕು, ಒಳಗೆ ಮಲಗಿದವರು ಬೇಯಬೇಕು. ಈ ರಸ್ತೆಯಲ್ಲಾದರೆ ಧೂಳನ್ನೂ ಹೊರಬೇಕು. ನಮ್ಮದು ಎರಡೂ ಒಳಗೇ ಇದ್ದವು. ಸಂಜೆ ಆನೆಗುಂದಿಯಲ್ಲಿ ತೆಗೆದು ನೋಡಿದರೆ ಸಂದಿಯಿಂದ ನುಗ್ಗಿದ ಧೂಳು ಅಲ್ಲಿಗೂ ಬಂದಿತ್ತು, ತೆಳ್ಳಗೆ.

ಒಣ ಬಟ್ಟೆಯಲ್ಲಿ ಉಜ್ಜಬಾರದು. ಅದಿರಿನ ಧೂಳು ಅಂದರೆ ಉಪ್ಪುಕಾಗದವೇ. ಬಟ್ಟೆ ಪ್ಯಾನೆಲ್ಲಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಗೀರು ಉಳಿಯುತ್ತದೆ. ನೀರು ಸುರಿದು ಧೂಳು ಹರಿದುಹೋದ ಮೇಲೆ ಮೆತ್ತನೆ ಬಟ್ಟೆ. ಅದೂ ಬೆಳಿಗ್ಗೆ, ಗಾಜು ತಣ್ಣಗಿರುವಾಗ. ಕಾದ ಗಾಜಿಗೆ ತಣ್ಣೀರು ಹಾಕುವವರನ್ನು ಕಂಡರೆ ಭಾವನಿಗೆ ಮೈಯೆಲ್ಲ ಉರಿಯುತ್ತದೆ.

ಸೋಮವಾರ: ಆನೆಗುಂದಿ

ದಿನವಿಡೀ ಒಂದೇ ಕಡೆ. ಸಣಾಪುರದ ದಾರಿಯಲ್ಲಿ ಬಾಳೆತೋಟದ ಅಂಚು, ಯಜಮಾನರನ್ನು ಕೇಳಿ ನಿಲ್ಲಿಸಿದ್ದು. ಸುತ್ತ ಬಂಡೆಯ ಮೇಲೆ ಬಂಡೆ. ಇಲ್ಲಿಯ ಅಕ್ಷಾಂಶ 15 ಡಿಗ್ರಿ ಚಿಲ್ಲರೆ. ಜನವರಿ ಮಧ್ಯದಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿ ನಿಲ್ಲಬೇಕು.

ಬಂಡೆಗೇ ಒರಗಿಸಿಬಿಡೋಣ ಅಂದೆ. ಭಾವ ಬೇಡವೆಂದರು. ಬಿಸಿಲಿಗೆ ಬಂಡೆ ಕಾಯುತ್ತದೆ, ಪ್ಯಾನೆಲ್ಲಿನ ಬೆನ್ನಿಗೆ ಗಾಳಿ ಸಿಗುವುದಿಲ್ಲ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟು 25 ಡಿಗ್ರಿ ಬಿಸಿಗೆ ಅಳೆದದ್ದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಸೋರಿಹೋಗುತ್ತದೆ, ಬೆನ್ನು 60 ಡಿಗ್ರಿಗೆ ಕಾದರೆ ನೂರರಲ್ಲಿ ಹತ್ತರಿಂದ ಹದಿನಾಲ್ಕು ವ್ಯಾಟು ಅಲ್ಲೇ ಖೋತಾ. ಅದಕ್ಕೆ ಬಂಡೆಯಿಂದ ಗೇಣು ದೂರ ಬಿಟ್ಟು, ಗಾಜಿನ ಪ್ಯಾನೆಲ್ಲಿನ ಚೌಕಟ್ಟಿನ ತೂತುಗಳಿಗೆ ಹಗ್ಗ ಹಾಕಿ ಬಂಡೆಗೆ ಸುತ್ತಿ ಬಿಗಿದರು. ಗಂಟು ಲಾರಿಯವರು ತಾಡಪಾಲು ಕಟ್ಟುವಂಥದ್ದು, ಎಷ್ಟು ಎಳೆದರೂ ಸಡಿಲದು, ಬಾಲ ಹಿಡಿದು ಒಂದು ಜಗ್ಗು ಜಗ್ಗಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕೊಕ್ಕೆ ಇರುವ ರಬ್ಬರ್ ಹಗ್ಗ ಅವರು ಮುಟ್ಟುವುದಿಲ್ಲ. ಗಾಳಿಗೆ ರಬ್ಬರು ಹಿಗ್ಗುತ್ತದೆ, ಪ್ಯಾನೆಲ್ ಬಡಿದಾಡುತ್ತದೆ, ಕೊಕ್ಕೆ ಕಿತ್ತು ಬಂದರೆ ನೇರ ಕಣ್ಣಿಗೆ.

ಮಧ್ಯಾಹ್ನ ಎರಡೂ ಸೇರಿ 140 ವ್ಯಾಟ್ ಆಸುಪಾಸು ಬರುತ್ತಿತ್ತು. 200ಕ್ಕೆ 140 ಅಂದರೆ ಮೋಸವಲ್ಲ, ಹೊರಗೆ ಸಿಗುವುದೇ ಅಷ್ಟು.

ಕೋರಾಕಲ್ ಅಂದರೆ ಹರಿಗೋಲಲ್ಲಿ ಕೂರುವ ಆಸೆ ನನಗೆ. ಪ್ಯಾನೆಲ್ ಬಿಟ್ಟು ಹೋಗುವುದು ಹೇಗೆ? ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ವೈರಿನ ಬೀಗವೊಂದು ನಮ್ಮ ಬಳಿ ಇದೆ, ಬೈಕಿನವರು ಹೆಲ್ಮೆಟ್ಟಿಗೆ ಹಾಕುವಂಥದ್ದೇ, ಸ್ವಲ್ಪ ಉದ್ದ. ಗಾಜಿನದಕ್ಕೆ ಅದು ಸರಿ: ಚೌಕಟ್ಟಿನ ತೂತಿನಲ್ಲಿ ಹಾದು, ಬಾಗಿಲ ಸಂದಿಯಿಂದ ಒಳಬಂದು, ಸೀಟಿನ ಕಬ್ಬಿಣದ ಕಾಲಿಗೆ ಸುತ್ತಿ ಬಾಗಿಲು ಲಾಕ್ ಮಾಡಿದರೆ ಮುಗಿಯಿತು. ಬಟ್ಟೆಯದಕ್ಕೆ ಆ ಬೀಗ ಬರೀ ತೋರಿಕೆ. ವೈರು ಹಾಯುವುದು ಬಟ್ಟೆಯ ಹಿಡಿಯಲ್ಲಿ. ಬ್ಲೇಡಿದ್ದವನಿಗೆ ಅದೇನು ಮಹಾ? ಕಣ್ಣಳತೆಯಲ್ಲಿ ನಾವಿದ್ದರೆ ಮಾತ್ರ ಅದು ಹೊರಗೆ, ಇಲ್ಲವಾದರೆ ಒಳಗೆ. ಒಳಗಿದ್ದರೂ ಕಿಟಕಿಯಿಂದ ಕಾಣಬಾರದು. ಕಳ್ಳನಿಗೊಂದು ಪಿಳ್ಳೆನೆವ, ಅದನ್ನು ನಾವೇ ಏಕೆ ಒದಗಿಸಬೇಕು. ಹರಿಗೋಲು ಚೆನ್ನಾಗಿತ್ತು, ಅಂಬಿಗ ಗಿರಗಿರ ತಿರುಗಿಸಿ ತಲೆ ಸುತ್ತಿಸಿದ.

ಮಂಗಳವಾರ: ಬಾದಾಮಿ

ಕುಷ್ಟಗಿ, ಇಳಕಲ್ಲು, ಅಮೀನಗಡ. ಕರದಂಟು ಕಟ್ಟಿಸಿಕೊಂಡು (ಭಾವ ಮುಟ್ಟುವಂತಿಲ್ಲ, ಆದರೂ ಒಂದು ಚೂರು ಹೋಯಿತು) ಹನ್ನೊಂದಕ್ಕೆ ಬಾದಾಮಿ. ಗುಹೆಗಳ ಕೆಳಗೆ ಗಾಡಿ ನಿಲ್ಲಿಸಿ ನಾನು ಮಡಚುವ ಪ್ಯಾನೆಲ್ ಕೈಗೆತ್ತಿಕೊಂಡೆನೋ ಇಲ್ಲವೋ, ಪಕ್ಕದ ಟಂಟಂ ಆಟೋ ಒಳಗಿಂದ ಕೂಗು ಬಂತು.

"ಏ ಅಣ್ಣಾರ, ಅದನ್ನ ಒಳಗ ಇಡ್ರೀ. ಮಂಗ್ಯಾ ಒಮ್ಮೆ ಹಿಡದ್ರ ಬಿಡೂದಿಲ್ಲ."

ಬಾದಾಮಿಯ ಕೋತಿಗಳ ಖ್ಯಾತಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಚೀಲ, ನೀರಿನ ಬಾಟಲಿ, ಕನ್ನಡಕ, ಯಾವುದೂ ಅವಕ್ಕೆ ವರ್ಜ್ಯವಲ್ಲ. ಮಡಚುವ ಪ್ಯಾನೆಲ್ಲಿಗೆ ಚೀಲದಂತೆ ಹಿಡಿ ಇದೆ, ಹಿಂದೆ ಜಿಪ್ಪಿನ ಜೇಬಿದೆ. ಜೇಬು ಅಂದರೆ ತಿಂಡಿ, ಅದು ಅವುಗಳ ಶಾಸ್ತ್ರ. ಒಳಗಿಟ್ಟು, ಕಿಟಕಿ ಗಾಜನ್ನು ಗಾಳಿ ಆಡುವಷ್ಟು ಮಾತ್ರ ಇಳಿಸಿ ಮೇಲೆ ಹೋದೆವು.

ಇಳಿದು ಬರುವಾಗ ಆಚೆ ಕಾರಿನ ಸುತ್ತ ಗಲಾಟೆ. ಧಾರವಾಡದ ಇಬ್ಬರು ಹುಡುಗರು, ನಮ್ಮ ಹಾಗೆಯೇ ಗಾಡಿಯಲ್ಲಿ ಮಲಗುವ ಪೈಕಿ. ಪ್ಯಾನೆಲ್ಲನ್ನು ಕಾರಿನ ನೆತ್ತಿಗೆ ಬಿಗಿಯಾಗೇ ಕಟ್ಟಿದ್ದರು. ಕೋತಿಗೆ ಪ್ಯಾನೆಲ್ ಒಯ್ಯಲಾಗಲಿಲ್ಲ, ಹಿಂದಿನ ಜೇಬು ತೆಗೆದು ವೈರು ಎಳೆದು, ಹಲ್ಲಿನಿಂದ ಕಡಿದು, ಎರಡು ಕನೆಕ್ಟರ್ ಸಮೇತ ಮೊಳದುದ್ದ ವೈರನ್ನು ಬಂಡೆಯ ಮೇಲೊಯ್ದು ಕೂತಿತ್ತು.

ಭಾವನಿಗೆ ಅಂಗಡಿ ತೆರೆದಂತಾಯಿತು. ಮೊದಲು ಪ್ಯಾನೆಲ್ಲನ್ನು ಮುಖ ಕೆಳಗೆ ಮಾಡಿ ಜಮಖಾನದ ಮೇಲೆ ಮಲಗಿಸಿದರು. ಪ್ಯಾನೆಲ್ಲಿಗೆ ಸ್ವಿಚ್ಚಿಲ್ಲ, ಬೆಳಕು ಬೀಳುತ್ತಿರುವಷ್ಟು ಹೊತ್ತೂ ಕಡಿದ ತುದಿಯೂ ಜೀವಂತ. ಎರಡು ತುದಿ ತಗುಲಿದರೆ ಕಿಡಿ. ಕೋತಿ ಜಗಿದ ಭಾಗ ಕತ್ತರಿಸಿ ಹಾಕಿ ಕೆಂಪು, ಕಪ್ಪು ವೈರಿನ ಸಿಪ್ಪೆ ಸುಲಿದರು. ಒಳಗಿನ ಎಳೆ ಬೆಳ್ಳಿ ಬಣ್ಣದ್ದು, ತವರ ಲೇಪಿಸಿದ ತಾಮ್ರ. ಹುಡುಗರು ಗಾಬರಿಯಾದರು, "ಕಾಕಾರ, ಇದು ತಾಮ್ರ ಅಲ್ಲೇನ್ರಿ?" "ತಾಮ್ರನೇಪ್ಪ, ತುಕ್ಕು ಹಿಡೀಬಾರ್ದು ಅಂತ ಕೋಟು ಹಾಕಿದಾರೆ." ನಮ್ಮ ಡಬ್ಬಿಯಿಂದ ಎಂಸಿ4 ಕನೆಕ್ಟರಿನ, ಅಂದರೆ ಸೋಲಾರ್ ವೈರು ಜೋಡಿಸುವ ಕೊಂಡಿಯ, ಒಂದು ಜೊತೆ ಬಂತು. ಪಿನ್ನಿನೊಳಗೆ ಎಳೆ ತೂರಿಸಿ, ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಜಗ್ಗಿ ನೋಡಿ, ಹೊರಗಿನ ತಿರುಪು ಬಿಗಿದರು. ಪ್ಯಾನೆಲ್ ತಿರುಗಿಸಿ ಮಲ್ಟಿಮೀಟರ್ ಹಿಡಿದಾಗ 21 ವೋಲ್ಟ್ ಮೇಲೆ ತೋರಿಸಿತು. ಖಾಲಿ ನಿಂತ 12 ವೋಲ್ಟ್ ವರ್ಗದ ಪ್ಯಾನೆಲ್ಲಿಗೆ ಅದು ಸರಿಯಾದ ಅಂಕಿ. ಹುಡುಗರು ದುಡ್ಡು ಕೊಡಲು ಬಂದರು, ಭಾವ ಕರದಂಟು ಕೊಟ್ಟು ಕಳಿಸಿದರು.

ಸಂಜೆ ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆ ಇನ್ನೂ ಜೋರಿತ್ತು: ನಾಟಕ ಕಂಪನಿಗಳ ಟೆಂಟು, ಮೈಕು, ಬಾಳೆಕಾಯಿ ಬಜ್ಜಿ, ರೊಟ್ಟಿ ಹೊತ್ತು ಬರುವ ಹೆಂಗಸರು. ಅಷ್ಟು ಜನರ ನಡುವೆ ಪ್ಯಾನೆಲ್ ಹೊರಗೆ ತೆಗೆಯುವ ಮಾತೇ ಇಲ್ಲ. ವಿಂಡ್‌ಶೀಲ್ಡ್ ಒಳಗಡೆ ಹರವಿ ನೋಡಿದೆವು, ಅರ್ಧಕ್ಕೂ ಕಡಿಮೆ ಬಂತು; ಗಾಜೇ ಬೆಳಕು ನುಂಗುತ್ತದೆ, ಓರೆಯೂ ಕೂಡುವುದಿಲ್ಲ. ಅದೂ ಅಲ್ಲದೆ "ಇಲ್ಲೊಂದು ಬೆಲೆಯ ಸಾಮಾನಿದೆ" ಅಂತ ಬೋರ್ಡು ಹಾಕಿದಂತೆ. ತೆಗೆದು ಗೂಡಿಗೆ ಹಾಕಿದೆವು. ರಾತ್ರಿ ಫ್ರಿಜ್ಜನ್ನು ಹಿಂದಿನ ದಿನದ ಚಾರ್ಜೇ ನಡೆಸಿತು. ನಾಟಕ ಮುಗಿದಾಗ ಬೆಳಗಿನ ಜಾವ.

ಬುಧವಾರ: ನವಲಗುಂದ, ಯಲ್ಲಾಪುರ

ನವಲಗುಂದದಲ್ಲಿ ಜಮಖಾನ ಕೊಂಡೆವು, ಅಲ್ಲಿನದು ಹೆಸರುವಾಸಿ. ಮಂಚದ ಮೇಲೆ ಹಾಸಿ ಅಂಚು ಇಳಿಬಿಟ್ಟರೆ ಪ್ಯಾನೆಲ್ಲಿನ ಗೂಡಿನ ಬಾಯಿ ಮುಚ್ಚುತ್ತದೆ. ಹುಬ್ಬಳ್ಳಿ ದಾಟಿ ಕಲಘಟಗಿ, ಆಮೇಲೆ ಕಾಡು.

ಯಲ್ಲಾಪುರದ ಅಡಿಕೆ ತೋಟದ ಮನೆಯ ಅಂಗಳದಲ್ಲಿ ನಿಂತೆವು. ಇಲ್ಲಿ ಕಳ್ಳರ ಭಯವಿಲ್ಲ, ಬಿಸಿಲೂ ಇಲ್ಲ. ಪ್ಯಾನೆಲ್ಲಿನ ಬಿಲ್ಲೆಗಳು ಒಂದರ ಹಿಂದೊಂದು ಸರಪಳಿಯಾಗಿ ಸೇರಿರುತ್ತವೆ, ಹೀಗಾಗಿ ಒಂದು ಅಡಿಕೆ ಸೋಗೆಯ ನೆರಳು ಅಡ್ಡ ಬಿದ್ದರೂ ಇಡೀ ಸಾಲು ಮಂಕಾಗುತ್ತದೆ. ಅಡಿಕೆ ಒಣಗಿಸುವ ಅಟ್ಟದ ಒಂದು ಮೂಲೆ ಖಾಲಿಯಿತ್ತು. ಮನೆಯವರು "ಅಲ್ಲಿಗೆ ಹಾಕಿ, ಅಡಿಕೆ ಒಣಗುವಲ್ಲಿ ನಿಮ್ಮದೂ ಒಣಗಲಿ" ಎಂದರು. ಉದ್ದನೆಯ ವೈರು ಇದ್ದದ್ದು ಉಪಯೋಗಕ್ಕೆ ಬಂತು.

ಗುರುವಾರ, ಶುಕ್ರವಾರ: ಗೋಕರ್ಣ

ಅರಬೈಲು ಘಾಟು ಇಳಿದು ಅಂಕೋಲಾ, ಅಲ್ಲಿಂದ ಗೋಕರ್ಣ. ಬೀಚಿನ ಮೇಲೇ ಗಾಡಿ ಇಳಿಸುವ ಹುಚ್ಚು ನಮಗಿಲ್ಲ. ಗಂಗಾವಳಿ ಕಡೆಗೆ ಒಂದು ಮನೆಯ ಹಿತ್ತಲು, ದಿನಕ್ಕಿಷ್ಟು ಅಂತ ಕೊಟ್ಟು. ತುಂಬ ತೆಂಗಿನ ಮರ. ಪ್ಯಾನೆಲ್ಲನ್ನು ತೆಂಗಿನ ಮರದ ಬುಡದಲ್ಲಿ ಇಡಬಾರದು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ. ಹಿತ್ತಲಿನ ಇನ್ನೊಂದು ಮೂಲೆಯ ಟೆಂಟಿನವರು ಅಲ್ಲೇ ಇಟ್ಟಿದ್ದರು. ಭಾವ ಮೇಲೆ ಬೆರಳು ತೋರಿಸಿದ ಮೇಲೆ ಎತ್ತಿದರು.

ಬೆಳಿಗ್ಗೆ ಹತ್ತರವರೆಗೆ ಎಲೆ ಅಲುಗುವುದಿಲ್ಲ. ಹನ್ನೊಂದು, ಹನ್ನೆರಡರಿಂದ ಕಡಲ ಗಾಳಿ ಪಡುವಣದಿಂದ ಶುರು, ಮೂರರ ಹೊತ್ತಿಗೆ ಜೋರು. ಬೆಳಗಿನ ಶಾಂತಿ ನಂಬಿ ಪ್ಯಾನೆಲ್ ನಿಲ್ಲಿಸಿ ಊರು ನೋಡಲು ಹೋದವರ ಪ್ಯಾನೆಲ್ ಮಧ್ಯಾಹ್ನ ಬೋರಲು ಬಿದ್ದಿರುತ್ತದೆ. ಗಂಟೆಗೆ 40 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು ಏಳೂವರೆ ಕೆ.ಜಿ. ಭಾರದಷ್ಟು ಒತ್ತುತ್ತದೆ. ನಮ್ಮ ಮಡಚುವ ಪ್ಯಾನೆಲ್ ಹರವಿದರೆ ಒಂದು ಚದರ ಮೀಟರಿನ ಮೂರನೇ ಎರಡು ಭಾಗ. ಅಂದರೆ ಎದುರಿಗೆ ಬೀಸಿದ ಗಾಳಿಯ ಒತ್ತಡ 5 ಕೆ.ಜಿ., ಪ್ಯಾನೆಲ್ಲಿನ ತೂಕ ನಾಲ್ಕೂವರೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ಗಾಡಿಯನ್ನೇ ಪಡುವಣಕ್ಕೆ ಅಡ್ಡ ನಿಲ್ಲಿಸೋಣ ಅಂದೆ. ಗಾಳಿ ನಿಲ್ಲುತ್ತದೆ ನಿಜ, ಆದರೆ ಮಧ್ಯಾಹ್ನದ ಮೇಲೆ ಗಾಡಿಯ ನೆರಳು ಪ್ಯಾನೆಲ್ಲಿನ ಮೇಲೇ ಬೀಳುತ್ತದೆ. ಗೂಟ ಹೊಡೆಯೋಣ ಅಂದರೆ ಉಸುಕಿನಲ್ಲಿ ಗೂಟ ನಿಲ್ಲುವುದಿಲ್ಲ, ಬೆರಳಲ್ಲಿ ಎತ್ತಬಹುದು. ಮನೆಯ ಯಜಮಾನರು ನಮ್ಮ ಪರದಾಟ ನೋಡುತ್ತಿದ್ದವರು ನಾಲ್ಕು ಖಾಲಿ ಸಿಮೆಂಟ್ ಚೀಲ ತಂದು ಹಾಕಿದರು.

"ಹೊಯ್ಗೆ ತುಂಬಿ ಹುಗೀರಿ ಮಾರಾಯ್ರೇ. ಬಲೆ ಕಟ್ಟೂಕೂ ನಾವು ಹಾಂಗೇ ಮಾಡೂದು."

ಚೀಲಕ್ಕೆ ಅರ್ಧ ಉಸುಕು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಳ ಆಳಕ್ಕೆ ಹೂತು ಮೇಲೆ ತುಳಿದದ್ದಾಯಿತು. ಹಗ್ಗದ ತುದಿ ಪ್ಯಾನೆಲ್ಲಿನ ಒಂದೊಂದು ಮೂಲೆಗೆ. ಭಾವ ಹಗ್ಗ ಹಿಡಿದು ಇಡೀ ಮೈಭಾರ ಬಿಟ್ಟು ಜಗ್ಗಿದರು, ಚೀಲ ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಪ್ಯಾನೆಲ್ಲಿನ ಓರೆ ಇಳಿಸಿ ನೆಲಕ್ಕೆ ಹತ್ತಿರ ಮಾಡಿದೆವು. ಹತ್ತು ಹದಿನೈದು ವ್ಯಾಟು ಹೋಗುತ್ತದೆ, ಹೋಗಲಿ.

ಪವರ್ ಸ್ಟೇಷನ್ ಮಾತ್ರ ಗಾಡಿಯೊಳಗೆ, ಮಂಚದ ಕೆಳಗಿನ ನೆರಳಲ್ಲಿ, ಎರಡೂ ಬಾಗಿಲು ತೆರೆದು. ಪ್ಯಾನೆಲ್ ಬಿಸಿಲಿಗೆ ಹುಟ್ಟಿದ್ದು, ಬ್ಯಾಟರಿ ಅಲ್ಲ. ಮುಚ್ಚಿದ ಗಾಡಿ ಬಿಸಿಲಲ್ಲಿ ನಿಂತರೆ ಒಳಗೆ ಬ್ಯಾಟರಿಗೆ ತಡೆಯದಷ್ಟು ಕಾವು. 45 ಡಿಗ್ರಿ ಹತ್ತಿರ ಬಂದರೆ ಬಹಳಷ್ಟು ಪವರ್ ಸ್ಟೇಷನ್‌ಗಳು ಚಾರ್ಜಾಗುವುದನ್ನೇ ನಿಲ್ಲಿಸುತ್ತವೆ.

ಸಂಜೆ ಮಡಚುವ ಮೊದಲು ಎತ್ತಿ ಕೊಡವಬೇಕು, ಮಡಿಕೆಯ ಸಂದಿಗೆ ಬಾಯಿಂದ ಊದಬೇಕು. ಉಸುಕು ಒಳಗುಳಿದು ಮಡಚಿದರೆ ಎರಡು ಮುಖ ಒಂದನ್ನೊಂದು ತಿಕ್ಕುತ್ತವೆ, ಗಾಡಿ ಕುಲುಕಿದಷ್ಟೂ ತಿಕ್ಕುತ್ತವೆ. ಕನೆಕ್ಟರ್ ತುದಿಗಳಿಗೆ ರಬ್ಬರ್ ಟೋಪಿ. ಉಪ್ಪುಗಾಳಿಗೆ ಆಸರೆ ಕಾಲಿನ ಕೀಲು ಒಂದೇ ರಾತ್ರಿಗೆ ಕರಕರ ಅನ್ನತೊಡಗಿತ್ತು. ಸಿಹಿನೀರಲ್ಲಿ ಒರೆಸಿ ಒಂದು ತೊಟ್ಟು ಎಣ್ಣೆ ಬಿಟ್ಟ ಮೇಲೆ ಸುಮ್ಮನಾಯಿತು.

ಫ್ರಿಜ್ಜಿನಲ್ಲಿ ಇನ್ಸುಲಿನ್ನಿನ ಪಕ್ಕ ಬಂಗುಡೆ ಸೇರಿಕೊಂಡಿತ್ತು, ಬೇರೆ ಡಬ್ಬಿಯಲ್ಲಿ. ಅಕ್ಕನಿಗೆ ಹೇಳಕೂಡದು ಅಂತ ಒಪ್ಪಂದ.

ಶನಿವಾರ: ಹೊನ್ನಾವರ, ಸಾಗರ, ಮನೆ

ಗೇರುಸೊಪ್ಪೆ ಘಾಟು ಹತ್ತಿ, ಸಾಗರದಲ್ಲಿ ಊಟ, ಶಿವಮೊಗ್ಗ ಬಳಸಿ ರಾತ್ರಿಗೆ ತುಮಕೂರು. ತಿರುವು ಹೆಚ್ಚಿರುವ ದಾರಿಯಾದ್ದರಿಂದ ಹೊರಡುವ ಮುನ್ನ ಗೂಡಿನ ಬಾಯಿಗೆ ಮರದ ಅಡ್ಡಪಟ್ಟಿಯೊಂದನ್ನು ತಿರುಪು ಹಾಕಿ ಬಿಗಿದಿದ್ದೆವು. ಗಾಜಿನದು ಕಮಕ್ ಕಿಮಕ್ ಅನ್ನಲಿಲ್ಲ.

ಮರುದಿನ ಎರಡನ್ನೂ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಒಳಗಿಟ್ಟೆವು. ಗಾಜಿನದು ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ. ಪವರ್ ಸ್ಟೇಷನ್ ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜಿನಲ್ಲಿ. ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಡುವುದೂ ಒಳ್ಳೆಯದಲ್ಲ, ಖಾಲಿ ಬಿಡುವುದಂತೂ ಬೇಡವೇ ಬೇಡ.

ಮಡಚುವ ಪ್ಯಾನೆಲ್ಲನ್ನು ಭಾವ ತಾಡಪಾಲು ಹೊಲಿಯುವವನ ಹತ್ತಿರ ಒಯ್ದಿದ್ದಾರೆ. ಕಂಪನಿಯವರು ಹಾಕಿದ ಮೂಲೆತೂತುಗಳ ಸುತ್ತ ಬಟ್ಟೆ ಪಿಸಿಯಲು ಶುರುವಾಗಿದೆ, ಅಲ್ಲಿಗೆ ಕ್ಯಾನ್ವಾಸಿನ ತೇಪೆ, ಅದರ ಮೇಲೆ ಹಿತ್ತಾಳೆ ಉಂಗುರ. ಅಂಚಿನ ಬಟ್ಟೆಗೆ ಮಾತ್ರ ತೂತು ಹೊಡೆಯಬೇಕು, ಕಪ್ಪು ಭಾಗದ ಹತ್ತಿರಕ್ಕೂ ಸೂಜಿ ಹೋಗಬಾರದು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟಿದ್ದಾರಂತೆ. ಆದರೂ ಅವನು ಹೊಲಿಯುವಷ್ಟು ಹೊತ್ತು ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತಿದ್ದರು ಅಂತ ಅವರ ಮಗ ಫೋನ್ ಮಾಡಿ ಹೇಳಿದ.